ಹಸಿವಿನ ಬಳೆ

ಮೂರನೆಯ ದೋಸೆಗೆ ಬೆಣ್ಣೆ ಸವರಿ, ಅಂಚು ಕೆಂಪಾಗುವುದನ್ನೇ ನೋಡುತ್ತ ನಿಂತಿದ್ದ ಸರ್ವಮಂಗಳಾಗೆ ಚಟ್ನಿಗೆ ಉಪ್ಪು ಸಾಕಾಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ರುಚಿ ನೋಡುವಂತಿರಲಿಲ್ಲ. ಹಿಂದಿನ ಮಧ್ಯಾಹ್ನ ಉಂಡದ್ದೇ ಕೊನೆ, ಆಮೇಲೆ ನೀರು ಬಿಟ್ಟು ಬೇರೇನೂ ಅವಳ ಬಾಯಿಗೆ ಸೋಕಿರಲಿಲ್ಲ. ಬೆರಳ ತುದಿಗೆ ಅಂಟಿದ ಬೆಣ್ಣೆಯನ್ನು ನೆಕ್ಕಿದರೂ ಎಡಗೈಯ ಬಳೆಗೆ ತಿಳಿದುಬಿಡುತ್ತದೆ. ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು.

"ಅಮ್ಮಾ, ಚಟ್ನಿ ಸಪ್ಪಗೈತೆ!" ನಡುಮನೆಯಿಂದ ಮಗ ಕೂಗಿದ.

"ಉಪ್ಪಿನ ಡಬ್ಬಿ ಅಲ್ಲೇ ಐತೆ, ಹಾಕ್ಕೊ."

"ನೋಡಿ ಹಾಕಬಾರದಾ ಒಂದ್ಸಲ?"

ಇಪ್ಪತ್ತೆಂಟು ವರ್ಷದ ಗಂಡಸು ನಿಜವಾಗಿಯೂ ಮರೆತು ಹಾಗೆ ಕೇಳುತ್ತಾನೋ, ಅಥವಾ ಮರೆಯುವುದು ತನ್ನ ಹಕ್ಕು ಎಂದುಕೊಂಡಿದ್ದಾನೋ ಎಂಬುದನ್ನು ಯೋಚಿಸುವುದನ್ನು ಅವಳು ಎಂದೋ ಬಿಟ್ಟಿದ್ದಳು. ದೋಸೆಯನ್ನು ತಟ್ಟೆಗೆ ಹಾಕಿ, ಪಕ್ಕಕ್ಕೆ ಆಲೂಗಡ್ಡೆ ಪಲ್ಯ ಇಟ್ಟು, ಮೇಲೊಂದು ಬೆಣ್ಣೆಯ ಉಂಡೆ ಕೂರಿಸಿ ತಂದುಕೊಟ್ಟಳು. ದಾವಣಗೆರೆಯಲ್ಲಿ ಹುಟ್ಟಿದವರಿಗೆ ಆ ಉಂಡೆಯಿಲ್ಲದ ದೋಸೆ ಕಾಗದಕ್ಕೆ ಸಮ.

ಮಗನ ಹೆಸರು ಮೃತ್ಯುಂಜಯ. ಅದು ಅವನ ಅಜ್ಜನ ಹೆಸರು. ಮನೆಯಲ್ಲಿ ಜಯು. ಅಪ್ಪ ಬಿಟ್ಟುಹೋದ ಬಟ್ಟೆ ಅಂಗಡಿಯ ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುವುದು ಅವನ ಉದ್ಯೋಗ. ಥಾನು ಇಳಿಸುವವರು ಬೇರೆ, ಅಳೆಯುವವರು ಬೇರೆ, ಕತ್ತರಿಸುವವರು ಬೇರೆ. ಮೃತ್ಯುವನ್ನು ಜಯಿಸುವ ಕೆಲಸವನ್ನೂ ಅವನ ಪರವಾಗಿ ಬೇರೆಯವರೇ ಮಾಡುತ್ತಿದ್ದರು.

ಬಳೆ ಸಣ್ಣಗೆ ನಡುಗಿತು. ಅದರ ಹರಳು ಕೆಂಪಾಗಿತ್ತು. ಸರ್ವಮಂಗಳಾ ಉಗುರಿನಿಂದ ಹರಳನ್ನು ಎಬ್ಬಿಸಿ ಮಗನ ಮುಂದೆ ಹಿಡಿದಳು. ಅವನು ಎಡಗೈಯಲ್ಲಿ ಬನಿಯನ್ ಎತ್ತಿದ. ಬಲಗೈಯಲ್ಲಿ ದೋಸೆ ಇತ್ತು. ಅವನ ಬಲಪಕ್ಕೆಲುಬಿನ ಕೆಳಗೆ, ತಮಟೆಯಂತೆ ಬಿಗಿದ ಹೊಟ್ಟೆಯ ಮೇಲೆ, ಮೈಬಣ್ಣದ ಪಟ್ಟಿಯೊಂದು ಅಂಟಿಕೊಂಡಿತ್ತು. ಪಟ್ಟಿಯ ಗೂಡಿನಲ್ಲಿ ಹರಳನ್ನು ಕೂರಿಸಿ ಅವಳು ಒತ್ತಿದಳು. 'ಟಿಕ್' ಎಂದಿತು. ಅವಳ ಹಸಿವು ಅವನೊಳಗೆ ಇಳಿಯತೊಡಗಿತು. ಅವನು ಇನ್ನೊಂದು ತುತ್ತು ಮುರಿದ.

ಮನುಷ್ಯ ಬಹಳ ಹೊತ್ತು ಹಸಿದಿದ್ದಾಗ ಅವನ ಪಿತ್ತಜನಕಾಂಗ ಒಬ್ಬ ದೂತನನ್ನು ಹುಟ್ಟಿಸುತ್ತದೆ. ಹೊರಗಿನಿಂದ ಊಟ ಬರುತ್ತಿಲ್ಲ, ಕೂಡಿಟ್ಟ ಕೊಬ್ಬನ್ನು ಉರಿಸಿ ಎಂದು ಅವನು ಡಂಗುರ ಸಾರುತ್ತಾನೆ. ಆ ದೂತನಿಗೆ ವಿಜ್ಞಾನಿಗಳು 'ಕ್ಷುಧಕ' ಎಂದು ಹೆಸರಿಟ್ಟಿದ್ದರು. ಅದನ್ನು ಕಾರ್ಖಾನೆಯಲ್ಲಿ ತಯಾರಿಸಲು ಆಗಲಿಲ್ಲ, ಶೀಶೆಯಲ್ಲಿಟ್ಟರೆ ಅರ್ಧ ದಿನದಲ್ಲಿ ಕೆಡುತ್ತಿತ್ತು. ಆದರೆ ಒಬ್ಬರ ರಕ್ತದಿಂದ ಸೋಸಿ ತೆಗೆದು ಇನ್ನೊಬ್ಬರಿಗೆ ಒಡನೆ ಕೊಟ್ಟರೆ ಕೆಲಸ ಮಾಡುತ್ತಿತ್ತು. ಅಂದರೆ ಒಬ್ಬರು ಹಸಿದರೆ ಇನ್ನೊಬ್ಬರ ಪಿತ್ತಜನಕಾಂಗದ ಕೊಬ್ಬು ಕರಗುತ್ತದೆ, ಆ ಇನ್ನೊಬ್ಬರು ಹೊಟ್ಟೆ ತುಂಬ ಉಂಡಿದ್ದರೂ. ಈ ಸಂಗತಿ ಗೊತ್ತಾದ ದಿನ, ಹಸಿಯುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಯಂತ್ರವನ್ನು ಮೊದಲಿನಿಂದಲೇ ಬಳೆಯ ಆಕಾರದಲ್ಲಿ ಮಾಡಿದ್ದರು. ಹಸಿರು ಬಣ್ಣ, ಅಂಚಿಗೆ ಚಿನ್ನದ ಗೆರೆ.

"ಎಷ್ಟನೇದೋ ಅದು?" ಹೊರಗಿನಿಂದ ಬಂದ ಸೊಸೆ ಲಿಖಿತಾ ಬಾಗಿಲಲ್ಲಿ ಶೂ ಕಳಚುತ್ತ ಕೇಳಿದಳು. ಮುಖವೆಲ್ಲ ಬೆವರು, ಮೊಣಕಾಲಿಗೆ ಮೈದಾನದ ಕೆಂಪು ಮಣ್ಣು. ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳು ದೈಹಿಕ ಶಿಕ್ಷಕಿ. ಬೆಳಿಗ್ಗೆ ಹುಡುಗಿಯರಿಗೆ ಖೋ ಖೋ ಆಡಿಸಿ ಬರುತ್ತಿದ್ದಳು.

"ಎಣಿಸಬ್ಯಾಡಲೇ, ದೃಷ್ಟಿ ಆಗ್ತದೆ," ಎಂದ ಜಯು. "ಅಮ್ಮಾ, ಇಕಿಗೂ ಹಾಕು. ಈಗ ತಿನ್ನಲಿ. ಬಳೆ ತೊಟ್ಟ ಮ್ಯಾಲೆ ಇದೆಲ್ಲಾ ಎಲ್ಲಿ?"

"ಹೌದಲ್ವಾ! ಹಂಗಾದ್ರೆ ನಂಗೆ ನಾಲ್ಕು, ಅತ್ತೆ," ಎಂದು ಲಿಖಿತಾ ನಕ್ಕು ಅಡುಗೆಮನೆಯ ಕಟ್ಟೆಯ ಮೇಲೆಯೇ ಕುಳಿತಳು.

ಅವಳು ತಿನ್ನುವುದನ್ನು ನೋಡುವುದೆಂದರೆ ಸರ್ವಮಂಗಳಾಗೆ ಒಳಗೊಳಗೇ ಖುಷಿ. ಓಡಿ ಬಂದ ದೇಹ, ಹಸಿದ ದೇಹ, ತಿಂದದ್ದನ್ನು ಮತ್ತೆ ಓಟವಾಗಿಸುವ ದೇಹ. ಜಯು ತಿನ್ನುವುದು ಗೋದಾಮಿಗೆ ಮೂಟೆ ಇಳಿಸಿದ ಹಾಗಿತ್ತು.

"ಭೀಮನ ಅಮಾಸಿ ದಿನಾನೇ ಬಳೆ ತೊಡಿಸೋ ಕಾರ್ಯಕ್ರಮ ಇಟ್ಕಳನ," ಜಯು ಕೈ ತೊಳೆಯುತ್ತ ಹೇಳಿದ. "ಗಂಡನ ಪೂಜೆ ದಿನ. ಹೊಂದ್ತದಲ್ಲ? ಉಡಿ ತುಂಬಿ, ಅಮ್ಮನ ಕೈಯಿಂದ ಬಿಚ್ಚಿ ಇಕಿ ಕೈಗೆ ಹಾಕೋದು. ಫೋಟೋದವನಿಗೆ ಹೇಳೀನಿ."

ಐವತ್ತರ ಹತ್ತಿರ ಬಂದ ಹೆಂಗಸರ ಬಳೆ ಬಿಚ್ಚಿಸುವುದು ನಿಯಮ. ಮುಟ್ಟು ನಿಂತ ಮೇಲೆ ಕ್ಷುಧಕ ಕಡಿಮೆಯಾಗುತ್ತದೆ. ಸರ್ವಮಂಗಳಾಳ ಹರಳು ಈಚೆಗೆ ಹೊತ್ತು ಮೀರಿ ಕೆಂಪಾಗುತ್ತಿತ್ತು. ಅವಳ ಕೂದಲು ಬಾಚಣಿಗೆಗೆ ಬರುತ್ತಿತ್ತು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಯಂತ್ರಕ್ಕೆ ಅವಳಿಂದ ಇನ್ನು ಪ್ರಯೋಜನ ಇರಲಿಲ್ಲ.

* * *

ಬಳೆ ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಊರಿನ ನಕ್ಷೆ. ಒಂದೊಂದು ಬಳೆಗೆ ಒಂದೊಂದು ಚುಕ್ಕೆ. ಹಸಿರು ಎಂದರೆ ಹಸಿದಿದ್ದಾಳೆ, ಹಳದಿ ಎಂದರೆ ಏನೋ ತಿಂದಿದ್ದಾಳೆ. ಬೆಳಗಿನ ಹೊತ್ತು ದಾವಣಗೆರೆ ಎಷ್ಟು ಹಸಿರಾಗಿರುತ್ತಿತ್ತು ಎಂದರೆ, ನೋಡಲು ಬಂದ ಮಂತ್ರಿಯೊಬ್ಬರು ಮಳೆ ಚೆನ್ನಾಗಿ ಆಗಿದೆ ಎಂದುಕೊಂಡಿದ್ದರಂತೆ. ಜೀವರಸಾಯನ ಓದಿದ್ದ ಸರ್ವಮಂಗಳಾ ಇಲ್ಲಿ ಬೆಳಗಿನ ಪಾಳಿಯ ಮೇಲ್ವಿಚಾರಕಿ. ಗಂಡ ತೀರಿಕೊಂಡ ಮೇಲೆ ಸೇರಿದ ಕೆಲಸ.

ಗಂಡ ಕುಡಿದವನಲ್ಲ. ಮದುವೆಮನೆಯ ಪಾನಕವನ್ನೂ ಮೂಸಿ ನೋಡಿ ಕುಡಿಯುತ್ತಿದ್ದ ಮನುಷ್ಯ. ಆದರೂ ಅವನ ಪಿತ್ತಜನಕಾಂಗ ಕೊಬ್ಬು ತುಂಬಿ, ಗಾಯವಾಗಿ, ಗಾಯ ಗಟ್ಟಿಯಾಗಿ, ಹೊಟ್ಟೆಯಲ್ಲಿ ನೀರು ನಿಂತು ಸತ್ತ. 'ಗುಟ್ಟಾಗಿ ಕುಡೀತಿದ್ದ ಬಿಡು' ಎಂದು ಊರು ತೀರ್ಮಾನಿಸಿತು. ಮುಂದೆ ಮಗನಿಗೆ ಇಪ್ಪತ್ಮೂರಕ್ಕೇ ಅದೇ ಕಾಯಿಲೆಯ ಎರಡನೆಯ ಹಂತ ಎಂದು ತಿಳಿದಾಗ ಅವಳಿಗೆ ಕಂಡದ್ದು ಆ ನೀರು ತುಂಬಿದ ಹೊಟ್ಟೆ. ಯಾರೂ ಬಲವಂತ ಮಾಡಲಿಲ್ಲ. ತಾನಾಗಿಯೇ ಬಳೆಗೆ ಕೈ ಚಾಚಿದ್ದಳು.

"ಮೇಡಂ, ಹಳದಿ," ಎಂದಳು ಫೋನಿನ ಮುಂದೆ ಕೂತಿದ್ದ ಕೋಮಲಾ. ಅವಳಿಗಿನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ಈ ಕೆಲಸ ಅವಳಿಗೆ ತಮಾಷೆಯಾಗಿತ್ತು.

"ಮಾಡು."

ಕೋಮಲಾ ದನಿಗೆ ಜೇನು ಹಚ್ಚಿಕೊಂಡಳು. "ನಮಸ್ಕಾರ ಅಕ್ಕಾ, ಬಳೆ ಕೇಂದ್ರದಿಂದ. ಏನಾರ ಬಾಯಿಗೆ ಹಾಕ್ಕೊಂಡ್ರಾ?"

"ಇಲ್ರೀ," ಎಂದಿತು ಒಂದು ಸಣ್ಣ ದನಿ.

"ಬಳೆ ಹಳದಿ ತೋರಿಸಾಕತ್ತೈತಲ್ರೀ."

"ಕೂಸಿಗೆ ಬಾಳೆಹಣ್ಣು ತಿನ್ನಿಸ್ತಿದ್ದೆ. ಅರ್ಧ ಬಿಡ್ತು. ಚೆಲ್ಲಾಕೆ ಮನಸು ಬರ್ಲಿಲ್ಲ, ಹಂಗೇ ಬಾಯಿಗೆ..."

ಅಷ್ಟರಲ್ಲಿ ಗಂಡಸಿನ ದನಿ ಫೋನನ್ನು ಕಿತ್ತುಕೊಂಡಿತು. "ಹಲೋ! ಹಂಗಾದ್ರೆ ಇವತ್ತಿನ ಹರಳು ಹೋತಾ?"

"ಹೋತು ಸರ್. ಇವತ್ತೊಂದಿನ ಸ್ವಲ್ಪ ಮಿತವಾಗಿ ಊಟ ಮಾಡ್ರಿ."

"ಏನ್ ತಾಯಿ ನೀನು? ನಮ್ಮ ಅಣ್ಣನ ಮಗಳ ಮದುವೆ ಇವತ್ತು. ಮದುವೆ ಊಟದಾಗೆ ಮಿತ ಅಂತಿಯಲ್ಲ! ಇಕಿಗೆ ಬುದ್ಧಿ ಹೇಳ್ರಿ ಮೊದಲು. ಒಂದು ಬಾಳೆಹಣ್ಣಿಗೆ ನನ್ನ ಜೀವದ ಮ್ಯಾಲೆ ಕಲ್ಲು ಹಾಕ್ತಾಳೆ."

ಫೋನಿನ ಹಿಂದೆ ಮಗು ಅಳುತ್ತಿತ್ತು. ಹೆಂಗಸು "ನಾಳಿಂದ ಮಾಡಲ್ಲ, ನಾಳಿಂದ ಮಾಡಲ್ಲ" ಎನ್ನುತ್ತಿದ್ದಳು. ಕೋಮಲಾ ಫೋನಿಟ್ಟು ಕಿಸಕ್ಕನೆ ನಕ್ಕಳು. ಸರ್ವಮಂಗಳಾ ನಗಲಿಲ್ಲ. ಈ ಗಂಡಸು ಮದುವೆಮನೆಯಲ್ಲಿ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ತನ್ನ ಹೆಂಡತಿ ಎಂಥ ಬೇಜವಾಬ್ದಾರಿಯವಳೆಂದು ಪಕ್ಕದವನಿಗೆ ಹೇಳುತ್ತಾನೆ. ಪಕ್ಕದವನು 'ಈಗಿನ ಹೆಂಗಸ್ರು ಹಿಂಗೇ' ಎಂದು ತಲೆದೂಗುತ್ತಾನೆ. ಅವನ ಹೊಟ್ಟೆಯ ಮೇಲೂ ಒಂದು ಪಟ್ಟಿ ಇರುತ್ತದೆ.

ಒಳಗಿನಿಂದ ಕರೆ ಬಂತು. ನಿರ್ದೇಶಕ ಡಾಕ್ಟರ್ ಶ್ರೀವತ್ಸ ಮೈಸೂರಿನ ಕಡೆಯವರು. ಮಾತು ಮೃದು, ಕುರ್ಚಿ ದೊಡ್ಡದು. ಅಂಗಿಯ ಕೆಳಗಿನ ಗುಂಡಿಗಳ ನಡುವೆ ಅವರ ಪಟ್ಟಿಯೂ ಇಣುಕುತ್ತಿತ್ತು.

"ಕೂತ್ಕೊಳಿ ಮೇಡಂ. ಸಿಹಿ ಸುದ್ದಿ. ನಿಮ್ಮ ಸೊಸೆಯ ಹೊಂದಾಣಿಕೆ ಅರವತ್ತಾರಕ್ಕೆ ಬಂದಿದೆ. ಎಪ್ಪತ್ತು ಮುಟ್ಟಿದ್ರೆ ಬಳೆ ತೊಡಿಸಬಹುದು. ವರ್ಷದೊಳಗೆ ಮನೆಗೆ ಇಷ್ಟು ಚೆನ್ನಾಗಿ ಹೊಂದಿಕೊಂಡ ಸೊಸೇನ ನಾನು ನೋಡಿಲ್ಲ."

ಹೊಂದಾಣಿಕೆ. ಮದುವೆಯಾದ ದಿನದಿಂದ ಎಲ್ಲರ ಬಾಯಲ್ಲೂ ಕೇಳುವ ಮಾತು ಇಲ್ಲಿ ಶೇಕಡಾವಾರು ಆಗಿತ್ತು. ಕರುಳಿನ ಸೂಕ್ಷ್ಮಜೀವಿಗಳು ಕ್ಷುಧಕದ ಮೇಲೆ ತಮ್ಮದೊಂದು ಮುದ್ರೆ ಒತ್ತುತ್ತವೆ. ಎರಡು ದೇಹಗಳ ಮುದ್ರೆ ಹೋಲದಿದ್ದರೆ ಹರಳು ಬರಿಯ ನೀರು. ಒಂದೇ ಒಲೆಯಲ್ಲಿ ಬೆಂದದ್ದು, ಒಂದೇ ಗಡಿಗೆಯ ಮೊಸರು, ಒಂದೇ ಕೈಯಲ್ಲಿ ಕಲಸಿದ್ದು, ಇದನ್ನೆಲ್ಲ ತಿಂಗಳುಗಟ್ಟಲೆ ತಿಂದವರ ಕರುಳು ಮಾತ್ರ ಹೊಂದುತ್ತದೆ. ತಾಯಿ ಹೊಂದಿಯೇ ಇರುತ್ತಾಳೆ. ಸೊಸೆ ನಿಧಾನವಾಗಿ ಹೊಂದಿಕೊಳ್ಳುತ್ತಾಳೆ, ಒಳಗಿನಿಂದ.

"ಅವಳು ಓಡೋ ಹುಡುಗಿ ಸರ್," ಎಂದಳು ಸರ್ವಮಂಗಳಾ. "ಮೈಮೇಲೆ ಕೊಬ್ಬೇ ಇಲ್ಲ. ಒಪ್ಪತ್ತು ಉಂಡು ಇದ್ದರೆ ಕರಗೋಕೆ ಏನಿದೆ ಅವಳಲ್ಲಿ?"

"ಮಾಂಸಖಂಡ ಸ್ವಲ್ಪ ಕರಗುತ್ತೆ. ಮುಟ್ಟು ಏರುಪೇರಾಗುತ್ತೆ, ಕೆಲವರಿಗೆ ನಿಂತೇ ಹೋಗುತ್ತೆ. ಓಡೋದು ಬಿಡಬೇಕು. ನಿಮಗೆ ಗೊತ್ತಿಲ್ಲದ್ದೇನಲ್ಲ." ಅವರು ಚಹಾಕ್ಕೆ ಬಿಸ್ಕತ್ತು ಅದ್ದಿದರು. "ಒಂದೇ ಎಚ್ಚರ. ಆಷಾಢ ಅಂತ ತವರಿಗೆ ಕಳಿಸಬೇಡಿ. ಹಾಗೆ ಹೋಗಿಬಂದ ಸೊಸೆಯಂದಿರ ಹೊಂದಾಣಿಕೆ ಜರ್ರನೆ ಇಳಿಯುತ್ತೆ. ಮತ್ತೆ ಮೊದಲಿಂದ ಶುರು ಮಾಡ್ಬೇಕು."

"ಜಯುನೇ ಹಸಿದಿದ್ದರೆ ಆಗಲ್ವಾ ಸರ್? ಅವನದು ಇನ್ನೂ ಗಾಯವಾಗೋ ಹಂತಕ್ಕೆ ಹೋಗಿಲ್ಲ. ಅವನ ಕ್ಷುಧಕ ಅವನಿಗೆ ನೂರಕ್ಕೆ ನೂರು ಹೊಂದುತ್ತೆ."

"ಸ್ವಯಂ ಉಪವಾಸದ ಪ್ರಯೋಗ ಆಗಿದೆಯಲ್ಲ ಮೇಡಂ. ನಿಷ್ಫಲ."

ಆ ಪ್ರಯೋಗದಲ್ಲಿ ಜಯು ಇದ್ದ. ಊರಿನ ದಪ್ಪ ಹುಡುಗರನ್ನೆಲ್ಲ ಸೇರಿಸಿ, ವಾರಕ್ಕೆ ಇಂತಿಷ್ಟು ದಿನ ಉಪವಾಸ ಮಾಡಿ ಎಂದಿದ್ದರು. ಹುಡುಗರು ಮಾಡಿದರು, ಪ್ರಾಮಾಣಿಕವಾಗಿಯೇ. ಈ ಸೀಮೆಯ ಮನೆಗಳಲ್ಲಿ ಉಪವಾಸವೆಂದರೆ ಅನ್ನ ಮುಟ್ಟದಿರುವುದು. ಅನ್ನ ಮುಟ್ಟದೆ ಬೆಳಿಗ್ಗೆ ಉಪ್ಪಿಟ್ಟು, ಅದರ ಮೇಲೆ ಬಾಳೆಹಣ್ಣು, ಮಧ್ಯಾಹ್ನ ಒಗ್ಗರಣೆ ಅವಲಕ್ಕಿ, ಸಂಜೆ ಸಾಬುದಾನಿ ವಡೆ, ಮಲಗುವಾಗ ಕೇಸರಿ ಹಾಕಿದ ಹಾಲು. ಜಯು ಉಪವಾಸದ ದಿನ ಬೇಗ ಏಳುತ್ತಿದ್ದ, ಏನೇನಿದೆ ಎಂದು ಕೇಳಲು. ಕೇಂದ್ರದವರು ಪ್ರತಿ ವಾರ ಫೋನು ಮಾಡಿ 'ಉಪವಾಸ ಮಾಡಿದಿರಾ?' ಎಂದು ಕೇಳಿದರು. ಎಲ್ಲರೂ 'ಹ್ಞೂ' ಎಂದರು. ಕೊನೆಗೆ ತಪಾಸಣೆ ಮಾಡಿದಾಗ ಎಲ್ಲರ ಪಿತ್ತಜನಕಾಂಗವೂ ಇನ್ನಷ್ಟು ಊದಿತ್ತು. ಯುವಕರ ದೇಹಕ್ಕೆ ಸ್ವಂತ ಉಪವಾಸ ಒಗ್ಗುವುದಿಲ್ಲ ಎಂದು ವರದಿ ಬಂತು. ಅದನ್ನು ದೊಡ್ಡ ದೊಡ್ಡ ಸಭೆಗಳಲ್ಲಿ ಓದಿದರು. ಅದರ ಮೇಲೆ ಬಳೆ ಎದ್ದು ನಿಂತಿತು.

"ಅವರು ಉಪ್ಪಿಟ್ಟು ತಿಂದಿದ್ದರು ಸರ್," ಎಂದಳು ಸರ್ವಮಂಗಳಾ. ಇಷ್ಟು ವರ್ಷ ಇದನ್ನು ಯಾರಾದರೂ ತಾವಾಗಿಯೇ ಕೇಳುತ್ತಾರೆಂದು ಕಾದಿದ್ದಳು.

"ಗೊತ್ತು," ಎಂದರು ಶ್ರೀವತ್ಸ.

"ಗೊತ್ತಾ?"

"ನಾನೂ ಏಕಾದಶಿ ಮಾಡೋ ಮನೇಲಿ ಬೆಳೆದೋನು. ಉಪವಾಸ ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ?" ಅವರು ಮನಸ್ಸು ಬಿಚ್ಚಿ ನಕ್ಕರು. ಹೊಟ್ಟೆಯೂ ಜೊತೆಗೆ ನಕ್ಕಿತು. "ವರದಿ ಬರೆಯೋ ಮೊದಲೇ ಗೊತ್ತಾಯ್ತು. ಏನು ಮಾಡೋದು ಹೇಳಿ? ಗಂಡಸರು ಹಸಿಯಲ್ಲ ಮೇಡಂ. ಹಸಿದ್ರೆ ಬದುಕ್ತೀಯ ಅಂತ ಬರೆದು ಸಹಿ ಹಾಕಿ ಕೊಟ್ಟರೂ ಹಸಿಯಲ್ಲ. ಹೆಂಗಸರು ಹೇಗೂ ಹಸೀತಾರೆ. ಸೋಮವಾರ, ಶನಿವಾರ, ಸಂಕಷ್ಟಿ, ಗಂಡ ಮನೆಗೆ ಬರೋದು ತಡವಾದ ದಿನ. ಹಾಳಾಗಿ ಹೋಗ್ತಿದ್ದುದನ್ನ ನಾವು ಉಪಯೋಗಕ್ಕೆ ತಂದ್ವಿ, ಅಷ್ಟೇ."

ಅವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡು, ತಟ್ಟೆಯನ್ನು ಅವಳತ್ತ ಸರಿಸಲು ಹೋಗಿ, ಅವಳ ಕೈಯ ಬಳೆ ನೋಡಿ ಹಿಂದಕ್ಕೆಳೆದುಕೊಂಡರು. "ಓ, ಸಾರಿ. ಇನ್ನು ಸ್ವಲ್ಪ ದಿನ ತಾನೆ. ಆಮೇಲೆ ನೀವು ಆರಾಮಾಗಿ ತಿನ್ನಬಹುದು."

* * *

ಸಂಜೆ ಮನೆಗೆ ಬಂದಾಗ ನಡುಮನೆಯಲ್ಲಿ ಜಯುವಿನ ಗೆಳೆಯರು ಚಾಪೆ ಹಾಸಿ ಕೂತಿದ್ದರು. ನಡುವೆ ಪೇಪರಿನ ಮೇಲೆ ಗುಡ್ಡೆ ಹಾಕಿದ ಮಂಡಕ್ಕಿ, ಎಣ್ಣೆ ಸೋರುವ ಮಿರ್ಚಿ. ಎಲ್ಲರಿಗೂ ಮೂವತ್ತರ ಒಳಗೆ. ಏಳುವಾಗ ಎಲ್ಲರೂ ನೆಲಕ್ಕೆ ಕೈ ಊರುತ್ತಿದ್ದರು. ಸರ್ವಮಂಗಳಾ ಅಡುಗೆಮನೆಗೆ ಹೋಗಿ ಸಾರಿಗೆ ಬೇಳೆ ಇಟ್ಟಳು. ಮಾತು ಕೇಳಿಸುತ್ತಿತ್ತು. ಕೇಳಿಸಬಾರದೆಂದು ಅವರೇನೂ ದನಿ ತಗ್ಗಿಸಿರಲಿಲ್ಲ.

"ನಮ್ಮಾಕಿದು ಕೋಳಿ ಕೂಗೋದ್ರಾಗೆ ಕೆಂಪಗಾಗಿರ್ತದಲೇ. ಏನ್ ಹಸಿವು ಅಂತೀ! ನಂದು ಒಂದು ಹಂತ ಇಳಿದೈತೆ."

"ನಿಂದು ಲಕ್ ಬಿಡಪ್ಪ. ನಮ್ಮಾಕಿ ಕಳ್ಳಿ. ಬೆಲ್ಲ ತಿಂತಾಳೆ. ಕೇಂದ್ರದಿಂದ ಫೋನ್ ಬಂದ್ರೆ ತಲೆ ತಿರುಗ್ತಿತ್ತು ಅಂತಾಳೆ."

"ನಂದು ಅವ್ವಂದು ನಿಂತೋತು, ಅಕ್ಕನ್ನ ತವರಿಗೆ ಕರ್ಕಂಬಂದು ಆಕಿದು ತಗೊಂಡ್ವಿ. ಅಕ್ಕನ ಗಂಡ ಈಗ ತಗಾದೆ ತೆಗ್ದಾನೆ, ಅವನಿಗೆ ಬೇಕಂತೆ."

"ನಮ್ಮ ಲಿಖಿತಾ ಅರವತ್ತಾರು," ಎಂದ ಜಯು. ಕೇಂದ್ರದಿಂದ ಅವನ ಫೋನಿಗೂ ಅಂಕಿ ಬಂದಿತ್ತು. "ಓಡಿ ಓಡಿ ಎಂಜಿನ್ ಚೊಕ್ಕ ಐತೆ. ನೋಡ್ತಿರ್ರಿ, ಊರಿಗೇ ಫಸ್ಟ್ ಬರ್ತೀನಿ."

"ನೀನು ಬರ್ತೀಯೋ ಆಕಿ ಬರ್ತಾಳೋ?"

"ಯಾರು ಬಂದ್ರೇನಲೇ, ಇಬ್ಬರೂ ಒಂದೇ ಅಲ್ಲೇನು?"

ಎಲ್ಲರೂ ನಕ್ಕರು. ಒಬ್ಬನಿಗೆ ನಗುವಿನಲ್ಲೇ ಮಂಡಕ್ಕಿ ನೆತ್ತಿಗೇರಿ ಕೆಮ್ಮು ಬಂತು. "ಅಮ್ಮಾ, ನೀರು!" ಎಂದು ಜಯು ಕೂಗಿದ. ನೀರಿನ ಹೂಜಿ ಅವನ ಮಂಡಿಯ ಪಕ್ಕದಲ್ಲೇ ಇತ್ತು.

ಗೆಳೆಯರು ಹೋದ ಮೇಲೆ ಲಿಖಿತಾ ಬಂದಳು. ಕೈಕಾಲು ತೊಳೆದು ನೇರ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಸಾರಾ? ಅತ್ತೆ, ಘಮ ಘಮ ಅಂತೈತೆ. ಕೊಡ್ರಿ, ನಾನೇ ಬಡಿಸ್ಕೋತೀನಿ." ತಟ್ಟೆ ತೆಗೆದುಕೊಂಡವಳು ಒಂದು ಗಳಿಗೆ ತಡೆದು ಹೇಳಿದಳು. "ಇವತ್ತು ಹೆಡ್ ಮಾಸ್ಟರಿಗೆ ಹೇಳಿಬಿಟ್ಟೆ. ದಸರಾ ಪಂದ್ಯಕ್ಕೆ ಟೀಮು ಬೇರೆಯವರು ನೋಡ್ಕಳ್ಲಿ ಅಂತ."

"ಏನಂದ್ರು?"

"ಅವರೇನಂತಾರೆ? ಅವರ ಹೊಟ್ಟೆ ಮ್ಯಾಲೂ ಐತಲ್ಲ." ಲಿಖಿತಾ ನಕ್ಕಳು. ನಗು ಮುಗಿಯುವ ಮೊದಲೇ ಮುಖ ತಿರುಗಿಸಿ ಅನ್ನಕ್ಕೆ ಸಾರು ಹಾಕಿಕೊಂಡಳು. "ಹುಡುಗೇರು ಅತ್ತವು. ನಮ್ಮ ಪುಷ್ಪಾ ಅಂತ ಒಬ್ಳದಾಳೆ, ಕಂಬದ ಹತ್ರ ಬಗ್ಗಿ ತಿರುಗೋದು ನೋಡಬೇಕತ್ತೆ ನೀವು, ಹಾವಿನಂಗೆ. ಆಕಿ ನಂಜೊತೆ ಮಾತೇ ಬಿಟ್ಲು."

"ನಿಂಗೆ ಬ್ಯಾಡ ಅನಿಸಿದ್ರೆ..."

"ಹಂಗೇನಿಲ್ಲತ್ತೆ. ಎಲ್ಲರೂ ಮಾಡ್ತಾರೆ. ನೀವು ಮಾಡಿಲ್ವಾ? ಒಂದು ಮಾತು ಅಂದಿಲ್ಲ ನೀವು. ಹೊಂದ್ಕೊಂಡು ಹೋಗು ಅಂತ ಅವ್ವನೂ ಹೇಳ್ಯಾಳೆ." ಅವಳು ತುತ್ತು ಕಲಸಿದಳು. "ಅವರಿಗೇನಾರ ಆದ್ರೆ ನಾನಿದ್ದೂ ಮಾಡಲಿಲ್ಲ ಅಂತ ಆಗಬಾರದಲ್ಲ. ಮಾವನವರ ಫೋಟೋ ನೋಡ್ದಾಗೆಲ್ಲ ಹಂಗನಿಸ್ತದೆ."

ಅದೇ ಮಾತು. ಐದು ವರ್ಷದ ಹಿಂದೆ ಕೈ ಚಾಚುವಾಗ ಸರ್ವಮಂಗಳಾಳ ಮನಸ್ಸಿನಲ್ಲಿದ್ದ ಮಾತೇ ಅಕ್ಷರ ತಪ್ಪದೆ ಈ ಹುಡುಗಿಯ ಬಾಯಲ್ಲಿ ಬಂದಿತ್ತು. ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾಳೆ! ಅರವತ್ತಾರು ಕರುಳಿನದು ಮಾತ್ರ. ಮನಸ್ಸಿನದು ನೂರು ದಾಟಿತ್ತು.

ಬಳೆ ಬೇಡ ಎನ್ನು ಎಂದು ಇವಳಿಗೆ ಹೇಳಿದರೆ ಏನಾಗುತ್ತದೆ ಎಂಬುದು ಸರ್ವಮಂಗಳಾಗೆ ಗೊತ್ತಿತ್ತು. ಒಳ್ಳೆಯ ಹುಡುಗಿ. ಮುಚ್ಚಿಡಲು ಬರುವುದಿಲ್ಲ. ಅತ್ತೆ ಹೀಗಂದರು ಎಂದು ಗಂಡನಿಗೆ ಹೇಳುತ್ತಾಳೆ. ಗಂಡ ಎದೆಯ ಮೇಲೆ ಕೈಯಿಟ್ಟುಕೊಂಡು, ಹೆತ್ತ ತಾಯಿಯೇ ನನ್ನ ಸಾವು ಬಯಸಿದಳೇ ಎಂದು ಬಂಧುಬಳಗಕ್ಕೆಲ್ಲ ಫೋನು ಮಾಡುತ್ತಾನೆ. ಹಾಗೇನಾದರೂ ಆಗಿಬಿಟ್ಟರೆ ಈ ಹುಡುಗಿ ಕನಿಕರಕ್ಕೇ ಎರಡು ಕೈಗೂ ಬಳೆ ತೊಡುತ್ತಾಳೆ. ಕೇಂದ್ರದಲ್ಲಿ ಅಂಕಿ ತಿದ್ದಬಹುದು. ಆದರೆ ಮತ್ತೆ ರಕ್ತ ತೆಗೆಯುತ್ತಾರೆ, ಮತ್ತೆ ತಿದ್ದಬೇಕು. ಸುಳ್ಳಿಗೆ ಪ್ರತಿ ಬಾರಿ ಕಾವಲು ನಿಲ್ಲಬೇಕು.

ಅಂಕಿ ಸುಳ್ಳಾಗಬಾರದು. ಅಂಕಿ ನಿಜವಾಗಿಯೇ ಇಳಿಯಬೇಕು.

"ಅಮ್ಮಾ, ನಂಗೂ ಹಾಕು, ಹಸಿವಾಗೈತೆ," ಎಂದು ಜಯು ನಡುಮನೆಯಿಂದ ಕೂಗಿದ. ಪೇಪರಿನ ಮೇಲೆ ಮಂಡಕ್ಕಿಯ ಪುಡಿ ಇನ್ನೂ ಹರಡಿತ್ತು. ಹಸಿವು ಎಂಬ ಆ ಮಾತನ್ನು ಅವನು ಎಲ್ಲಿಂದ ಕಲಿತನೋ. ಅದರ ಅರ್ಥ ಅವನಿಗೆ ಒಮ್ಮೆಯೂ ತಟ್ಟಿರಲಿಲ್ಲ. ತಟ್ಟದಂತೆ ನೋಡಿಕೊಂಡವಳು ಅವಳೇ.

ಅವಳು ತಟ್ಟೆ ಬಡಿಸಿ ಕೊಟ್ಟು ಬಂದಳು. ಲಿಖಿತಾ ಎರಡನೆಯ ಸಲ ಅನ್ನ ಹಾಕಿಕೊಳ್ಳುತ್ತಿದ್ದಳು. ಕಟ್ಟೆಗೆ ಒರಗಿ ನಿಂತು ಸರ್ವಮಂಗಳಾ ಲೆಕ್ಕ ಹಾಕಿದಳು. ಈ ಒಲೆಯ ಅನ್ನ, ಈ ಗಡಿಗೆಯ ಮೊಸರು ನಿಂತುಬಿಟ್ಟರೆ ಆಷಾಢಕ್ಕೆ ತವರಿಗೆ ಹೋದವರಂತೆ ಇವಳ ಹೊಂದಾಣಿಕೆಯೂ ಇಳಿಯುತ್ತದೆ. ಮಧ್ಯಾಹ್ನ ಶಾಲೆಯ ಬಿಸಿಯೂಟ ಇದೆ. ಇವಳ ತವರು ಹರಿಹರ ದೂರವಿಲ್ಲ, ಅಲ್ಲಿಂದ ಮೊಸರು ಬರುತ್ತದೆ, ರೊಟ್ಟಿ ಬರುತ್ತದೆ, ಕೊನೆಗೆ ಮಹಡಿಯ ಮೇಲೆ ಒಂದು ಒಲೆಯೂ ಬರುತ್ತದೆ. ಮಗಳಿಗೆ ಅತ್ತೆ ಹೊಟ್ಟೆಗೆ ಹಾಕುವುದಿಲ್ಲ ಎಂದು ಗೊತ್ತಾದರೆ ಯಾವ ತಾಯಿ ಸುಮ್ಮನಿರುತ್ತಾಳೆ?

ಅದಕ್ಕೆ ಅತ್ತೆ ಹೊಟ್ಟೆಗೆ ಹಾಕದವಳಾಗಬೇಕು.

ಜಗಳ ಜಯುವಿನ ಕಿವಿಗೆ ಬಿದ್ದರೆ ಅವನು ಯಾರ ಪಕ್ಷ ವಹಿಸುತ್ತಾನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ದೋಸೆ ಯಾರ ಕಾವಲಿಯ ಮೇಲಿದೆಯೋ ಅವರ ಪಕ್ಷ. ಹೆಂಡತಿಯ ಹಿಂದೆ ಮಹಡಿ ಹತ್ತಿ ಬೆಣ್ಣೆಯಿಲ್ಲದ ಊಟ ಉಣ್ಣುವ ಗಂಡಸಲ್ಲ ಅವನು. ಇಲ್ಲೇ ಕೂರುತ್ತಾನೆ. ಬಳೆ ಬಿಚ್ಚಿದ ಮೇಲೆ ಅಮ್ಮನ ಹರಳೂ ಇರುವುದಿಲ್ಲ, ಹೆಂಡತಿಯ ಹರಳೂ ಇರುವುದಿಲ್ಲ. ಆಗ ಡಾಕ್ಟರ ಎದುರು ಅವನೊಬ್ಬನೇ ಕೂತುಕೊಳ್ಳುತ್ತಾನೆ. ನೀನೇ ಹಸಿದಿರು, ಉಪ್ಪಿಟ್ಟು ತಿನ್ನದೆ ಹಸಿದಿರು ಎಂದು ಸರ್ವಮಂಗಳಾ ತಾನೂ ಹೇಳುತ್ತಾಳೆ, ಒಮ್ಮೆಯಲ್ಲ, ದಿನವೂ. ಅವನು ಹಸಿಯಬಹುದು. ಹಸಿಯದೆಯೂ ಇರಬಹುದು. ನೀರು ತುಂಬಿದ ಆ ಹೊಟ್ಟೆ ಅವಳ ಕಣ್ಣಿಗೆ ಮತ್ತೆ ಕಟ್ಟಿತು. ಅವಳು ಒಲೆಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಸಾಯಲಿ ಎಂದಲ್ಲ. ಅವನ ಹಸಿವು ಅವನಿಗೆ ಸಿಗಲಿ.

ಈ ಹುಡುಗಿ ಮಾತ್ರ ಇದನ್ನು ಎಂದೂ ತಿಳಿಯಬಾರದು. ತಿಳಿದರೆ ಕ್ಷಮಿಸಿ ಕೆಳಗಿಳಿದು ಬಂದುಬಿಡುತ್ತಾಳೆ.

ಆದ್ದರಿಂದ ಮಾತು ಕೆಟ್ಟದಾಗಿರಬೇಕು. ಮೂರು ದಿನದಲ್ಲಿ ಮಾಯುವ ಮಾತಲ್ಲ. ಉಪ್ಪು ಹೆಚ್ಚಾಯಿತು, ಪಾತ್ರೆ ತೊಳೆಯಲಿಲ್ಲ ಎಂಬಂಥವು ಸಾಲವು. ಅನ್ನದ ಬಗ್ಗೆಯೇ ಆಗಬೇಕು, ಇವಳು ತಿನ್ನುವುದರ ಬಗ್ಗೆಯೇ, ಪಕ್ಕದ ಮನೆಗೆ ಕೇಳುವ ಹಾಗೆ.

"ಏನತ್ತೆ, ಹಂಗೆ ನೋಡಾಕತ್ತೀರಿ?" ಎಂದಳು ಲಿಖಿತಾ, ಬಾಯಿತುಂಬ ಅನ್ನವಿಟ್ಟುಕೊಂಡು.

"ಏನಿಲ್ಲ. ಉಣ್ಣು."

"ಮಜ್ಜಿಗಿ ಐತಾ?"

ಸರ್ವಮಂಗಳಾ ಗಡಿಗೆಯಿಂದ ಮೊಸರನ್ನೇ ತೋಡಿ, ಕೆನೆಯ ಸಮೇತ ಅವಳ ತಟ್ಟೆಗೆ ಹಾಕಿದಳು. ಇವತ್ತೊಂದು ದಿನ ಉಣ್ಣಲಿ. ಹುಡುಗಿ ತಲೆ ಬಗ್ಗಿಸಿ ಆಸೆಯಿಂದ ಕಲಸತೊಡಗಿದಳು. ಅವಳ ಭುಜದ ಗಟ್ಟಿ ಮಾಂಸ ಸೆರಗಿನಡಿ ಸರಿದಾಡುವುದನ್ನು ನೋಡುತ್ತ, ಬೆಳಿಗ್ಗೆ ಆಡಬೇಕಾದ ಮಾತನ್ನು ಸರ್ವಮಂಗಳಾ ಒಂದೊಂದೇ ಶಬ್ದವಾಗಿ ಆರಿಸಿಕೊಂಡಳು.